ಲುಮಿಂಗ್ ಕಂಡ ಮಂಗಟ್ಟೆ

ಹೋದ ಮಳೆಗಾಲದಲ್ಲಿ ಲುಮಿಂಗ್‌ಗೆ ಕನಸಿನಲ್ಲಿ ಮಂಗಟ್ಟೆ ಹಕ್ಕಿಯೊಂದು ಕಾಣಿಸಿತು. ಸೆಬು ಕೆರೆಯ ನೀರಿನ ಮೇಲೆ ರೆಕ್ಕೆ ಹರಡಿ ಕೂತಿತ್ತು. ಎಡರೆಕ್ಕೆ ಸ್ವಲ್ಪ ಮೋಟು. ಎದ್ದವಳೇ ಬಣ್ಣದಲ್ಲಿ ಅದ್ದುವ ಮುನ್ನ ಅಬಾಕಾ ನಾರಿನ ಎಳೆಗಳಿಗೆ ಗಂಟು ಕಟ್ಟತೊಡಗಿದಳು. ತ್ಬೋಲಿ ಬುಡಕಟ್ಟಿನ ಹೆಂಗಸರು ನಕ್ಷೆ ಬರೆದುಕೊಳ್ಳುವುದಿಲ್ಲ. ಅಬಾಕಾ ಗಿಡದ ದೈವ ಫು ದಾಲು ಕನಸಿನಲ್ಲಿ ತೋರಿಸಿದ್ದನ್ನು ನೆನಪಿನಿಂದಲೇ ನೇಯಬೇಕು. ಹಾಗೆ ನೇಯ್ದ ತ್ನಾಲಕ್ ಬಟ್ಟೆಯನ್ನು ದಾಟುವುದೂ ತಪ್ಪು. ತುಳಿಯುವ ಮಾತಂತೂ ದೂರ.

ಕನಸನ್ನು ಅವಳು ಹೇಳಿದ್ದು ಜೊನಾಲಿನ್ ಒಬ್ಬಳಿಗೆ. ಜೊನಾಲಿನ್ ತೀರಿಹೋದ ತಂಗಿಯ ಮಗಳು. ಹಾಲು ಬಿಡದ ಕೂಸಾಗಿದ್ದಾಗ ಎತ್ತಿಕೊಂಡು ಬಂದು, ಅಂಬೆಗಾಲಿಟ್ಟು ಮಗ್ಗದ ಮೇಲೆ ಹಾಯದಂತೆ ತನ್ನ ಸೊಂಟಕ್ಕೆ ಬಟ್ಟೆಯಲ್ಲಿ ಕಟ್ಟಿಕೊಂಡು ಸಾಕಿದ್ದಳು. ಬೆಳೆದ ಹುಡುಗಿಗೆ ಎಳೆ ಗಂಟು ಹಾಕುವುದು, ಬೇರು ಕುದಿಸಿ ಕೆಂಪು ಬಣ್ಣ ತೆಗೆಯುವುದು ಎಲ್ಲವನ್ನೂ ಕಲಿಸಿದ್ದಳು.

ನೇಕಾರರಿಗೆ ನೆರವಾಗುತ್ತೇನೆಂದು ದಾವಾವ್ ಪಟ್ಟಣದಿಂದ ಕಾರ್ಮೆಲಾ ಎಂಬಾಕೆ ಬಂದಾಗ ಜೊನಾಲಿನ್ ಅವಳ ಜೊತೆ ಓಡಾಡತೊಡಗಿದಳು. ಲುಮಿಂಗ್‌ಗೂ ಅದು ಹೆಮ್ಮೆಯೇ. "ನಮ್ಮ ಮಾತನ್ನ ಅವರಿಗೆ ತಿಳಿಸೋಕೆ ನಮ್ಮವಳೇ ಒಬ್ಬಳು ಬೇಕಲ್ಲ" ಎಂದು ಅಕ್ಕಪಕ್ಕದವರಿಗೆ ಹೇಳಿಕೊಂಡಳು.

ಕಾರ್ಮೆಲಾ ಕೆರೆಯ ದಂಡೆಯಲ್ಲಿ ಅತಿಥಿಗೃಹ ಕಟ್ಟಿಸಿದಳು. ಅದು ತೆರೆಯುವ ದಿನ ಲುಮಿಂಗ್‌ಗೆ ಸನ್ಮಾನವೆಂದು ಕರೆ ಬಂತು. ಕಸೂತಿಯ ರವಿಕೆ ತೊಟ್ಟು, ಸೊಂಟಕ್ಕೆ ಗೆಜ್ಜೆಪಟ್ಟಿ ಬಿಗಿದುಕೊಂಡು ಹೊರಟಳು. ಬಾಗಿಲಲ್ಲಿ ಜನ ಕೆಸರು ಬೂಟುಗಳನ್ನು ಒರೆಸಿಕೊಂಡು ಒಳಗೆ ಹೋಗುತ್ತಿದ್ದರು. ತಾನೂ ಕಾಲಿಡಬೇಕೆಂದು ಬಗ್ಗಿ ನೋಡಿದಳು.

ಕಾಲೊರಸಿನ ಮೇಲೆ ಮಂಗಟ್ಟೆ. ಎಡರೆಕ್ಕೆ ಮೋಟು.

ಆ ಬಟ್ಟೆ ಇನ್ನೂ ಮನೆಯ ಮಗ್ಗದಲ್ಲೇ ಅರ್ಧಕ್ಕೆ ನಿಂತಿತ್ತು. ಅದನ್ನು ಕಂಡವರು ಇಬ್ಬರೇ.

"ಒಳಗೆ ಬನ್ನಿ ಬೋಯಿ, ನಿಮಗೋಸ್ಕರನೇ ಎಲ್ಲರೂ ಕಾಯ್ತಿದಾರೆ" ಎಂದು ಹಿರಿಯ ಹೆಂಗಸರನ್ನು ಕರೆಯುವಂತೆ ತ್ಬೋಲಿಯಲ್ಲೇ ಕರೆದು ಕಾರ್ಮೆಲಾ ಕೈಹಿಡಿಯಲು ಬಂದಳು. ಲುಮಿಂಗ್ ಕೂತು ಕಾಲೊರಸನ್ನು ಎತ್ತಿಕೊಂಡಳು. ಕೆಸರು ರವಿಕೆಯ ಕಸೂತಿಗೆ ಮೆತ್ತಿತು. ಒಳಗಿನಿಂದ ಜೊನಾಲಿನ್ ಓಡಿ ಬಂದಳು.

"ದೊಡ್ಡಮ್ಮ, ಇಲ್ಲಿ ಬೇಡ. ಎಲ್ಲ ನೋಡ್ತಿದಾರೆ."

"ಈ ಹಕ್ಕಿ ಯಾರದೇ?"

"ಅದು ತ್ನಾಲಕ್ ಅಲ್ಲ. ಬರೀ ಪ್ಲಾಸ್ಟಿಕ್ಕು, ಯಂತ್ರದಲ್ಲಿ ಮಾಡಿದ್ದು. ಅದಕ್ಕೆಲ್ಲ ದೈವ ಕೋಪ ಮಾಡ್ಕೊಳ್ಳುತ್ತಾ?"

"ನಾನು ದೈವದ ಸುದ್ದಿ ಕೇಳಲಿಲ್ಲ. ಹಕ್ಕಿ ಯಾರದು ಅಂದೆ."

ಜೊನಾಲಿನ್ ತಲೆ ತಗ್ಗಿಸಿದಳು. "ನೀನು ತೋಟಕ್ಕೆ ಹೋದಾಗ ಫೋನಲ್ಲಿ ಚಿತ್ರ ತೆಗೆದೆ. ಹೊಸ ನಕ್ಷೆ ತಂದ್ಕೊಟ್ರೆ ಇಲ್ಲಿನ ಅಂಗಡಿ ನಿನಗೇ ವಹಿಸ್ತೀನಿ ಅಂದ್ರು ಕಾರ್ಮೆಲಾ ಅಕ್ಕ. ಕಾಲೊರಸು ಮಾಡ್ತಾರೆ ಅಂತ ನಂಗೂ ಗೊತ್ತಿರ್ಲಿಲ್ಲ."

"ಬೆಳಿಗ್ಗೆ ಇದನ್ನ ಹಾಸಿದ್ದು ಯಾರು?"

ಹುಡುಗಿ ಕೈಗಳನ್ನು ಬೆನ್ನ ಹಿಂದೆ ಮರೆಸಿಕೊಂಡಳು.

"ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ಬೇಡ ಅಂತಿದ್ದೆ."

"ಗೊತ್ತಿದ್ದೂ ಮಾಡಿದೆ ಅಂತಾಯ್ತು."

ಕಾರ್ಮೆಲಾ ಮೆತ್ತಗೆ ಸಮಾಧಾನ ಹೇಳಿದಳು. ಬೇಕಾದರೆ ಗೋಡೆಗೆ ಹಾಕಿಸುತ್ತೇನೆ ಎಂದಳು. ಲುಮಿಂಗ್‌ಗೆ ಅವಳ ಮೇಲೆ ಸಿಟ್ಟೂ ಬರಲಿಲ್ಲ. ಪರವೂರಿನವಳು. ಎದೆ ಉರಿಯುತ್ತಿದ್ದುದು ತನ್ನ ತಟ್ಟೆಯಲ್ಲೇ ಉಂಡು ಬೆಳೆದವಳ ಕೆಲಸಕ್ಕೆ. ಕಾಲೊರಸನ್ನು ಕಂಕುಳಲ್ಲಿ ಅವುಚಿಕೊಂಡು ಮನೆಗೆ ನಡೆದಳು. ಮಗ್ಗದ ಮುಂದೆ ಕೂತಾಗ ಕೈ ಏಳಲಿಲ್ಲ. ಆ ಹಕ್ಕಿಯನ್ನು ಅವಳು ಮುಗಿಸಲೇ ಇಲ್ಲ.

ಜೊನಾಲಿನ್ ಅತಿಥಿಗೃಹದಲ್ಲೇ ಉಳಿದಳು. ಆಮೇಲೆ ಅವಳು ಬಿದಿರು ಬುಟ್ಟಿ ತುಂಬ ಹಣ್ಣು ಹಿಡಿದು ಬೇರೆ ನೇಕಾರರ ಮನೆಗಳಿಗೆ ಹೋಗಿ ಬರುತ್ತಿದ್ದಾಳೆಂಬ ಸುದ್ದಿ ಲುಮಿಂಗ್ ಕಿವಿಗೆ ಬಿತ್ತು. ಅಂದೇ ಅವಳು ಕೆರೆಯ ಸುತ್ತಲಿನ ಮನೆಗಳಿಗೆ ಹೊರಟಳು. ಕಂಬಗಳ ಮೇಲೆ ನಿಂತ ಪ್ರತಿ ಮನೆಯ ಏಣಿಯ ಬುಡದಲ್ಲಿ ನಿಂತು ಒಂದೇ ಮಾತು ಹೇಳಿದಳು: "ಜೊನಾಲಿನ್ ಬಂದ್ರೆ ಊಟ ಹಾಕಿ. ಮಗ್ಗ ತೋರಿಸಬೇಡಿ, ಕನಸು ಹೇಳಬೇಡಿ."

ಮುದುಕಿ ತುಕೋಯ್ ಮಾತ್ರ ಅವಳ ಮುಖವನ್ನೇ ನೋಡಿದಳು. "ಹೀಗೆ ಊರೆಲ್ಲ ಹೇಳ್ಕೊಂಡು ತಿರುಗ್ತೀಯಲ್ಲೇ, ಅವಳು ನಿನ್ನ ಮಗಳಲ್ವಾ?"

"ಹೌದು, ನನ್ನ ಮಗಳೇ" ಎಂದಳು ಲುಮಿಂಗ್. "ಅದಕ್ಕೇ ನಾನೇ ಬಂದು ಹೇಳ್ತಿದೀನಿ."