ಹದಿನೇಳನೇ ನಂಬರಿನ ತಪಾಸಣೆ

ಮ್ಯಾನೇಜರರ ಮೇಜಿನ ಮೇಲೆ ಒಂದು ಪೆಟ್ಟಿಗೆ ಕೂತಿತ್ತು. ಆಸ್ಪತ್ರೆಯೊಂದು ವಾಪಸ್ ಕಳಿಸಿದ್ದು. ಒಳಗಿದ್ದ ಹತ್ತು ಆಮ್ಲಜನಕದ ಕೊಳವೆಗಳಲ್ಲಿ ಮೂರಕ್ಕೆ ತೂತು. ರೋಗಿಗೆ ಹಾಕುವ ಮೊದಲೇ ನರ್ಸ್ ಕಂಡುಹಿಡಿದದ್ದರಿಂದ ಜೀವ ಉಳಿದಿತ್ತು, ಕಾರ್ಖಾನೆಯ ಮರ್ಯಾದೆ ಉಳಿದಿರಲಿಲ್ಲ. ಮೇಜಿನೆದುರು ನಿಂತು ಅವಳು ಲೇಬಲ್ ಓದಿದಳು: ಹೋದ ತಿಂಗಳ ತಾರೀಖು, ಅದರ ಕೆಳಗೆ ತಪಾಸಣೆ 17.

ಹದಿನೇಳು ಎಂದರೆ ಅವಳ ಅಪ್ಪ. ಅವರು ನಿವೃತ್ತರಾಗಿ ನಾಲ್ಕು ತಿಂಗಳಾಗಿತ್ತು.

ಲೇಬಲ್ ಪ್ರಿಂಟರಿಗೆ ಮ್ಯಾಕ್ರೊ ಬರೆಯುವುದು, ಅಂದರೆ ಅದಕ್ಕೆ ಸಾಲುಸಾಲಾಗಿ ಅಪ್ಪಣೆ ಕೊಡುವುದು, ಅವಳ ಕೆಲಸ. ಬದಲಾಗದ ಮಾತನ್ನು ನೇರವಾಗಿ ಬರೆದುಬಿಡಬಹುದು. ಬದಲಾಗುವುದಕ್ಕೆಲ್ಲ ಒಂದೊಂದು ವೇರಿಯಬಲ್ ಬೇಕು, ಹೆಸರು ಅಂಟಿಸಿದ ಖಾಲಿ ಡಬ್ಬಿಯಂತೆ. ತಾರೀಖಿನ ಡಬ್ಬಿಯನ್ನು ಪ್ರಿಂಟರಿನ ಗಡಿಯಾರ ತುಂಬುತ್ತದೆ. ತಪಾಸಣೆಯ ಡಬ್ಬಿಯನ್ನು, ನೋಡಿದವರು ತಮ್ಮ ನಂಬರ್ ಒತ್ತಿ ತುಂಬಬೇಕು. ಅಪ್ಪ ಒಂದೊಂದು ಕೊಳವೆಯನ್ನೂ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗಾಳಿ ಬಿಟ್ಟು, ಗುಳ್ಳೆ ಏಳುತ್ತದೆಯೇ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದರು. ವರ್ಷಗಟ್ಟಲೆ ನೀರಲ್ಲಿದ್ದ ಬೆರಳುಗಳ ಗೆಣ್ಣು ಊದಿಕೊಂಡು, ಕೊನೆಕೊನೆಗೆ ಕೀಲಿ ಒತ್ತುವುದೇ ಕಷ್ಟವಾಗಿತ್ತು. ಅದಕ್ಕೇ ಅವಳು ಒಂದು ಸಾಲು ಸೇರಿಸಿದ್ದಳು: ಯಾರೂ ನಂಬರ್ ಒತ್ತದಿದ್ದರೆ 17 ಎಂದು ತಿಳಿ. ಲೇಬಲ್ ಬರಲು ಹಸಿರು ಗುಂಡಿಯೊಂದನ್ನು ಒತ್ತಿದರೆ ಸಾಕು.

ಅಪ್ಪ ನಿವೃತ್ತರಾಗಿ ಹೋದರು, ಸಾಲು ಹೋಗಲಿಲ್ಲ. ಅವರ ಜಾಗಕ್ಕೆ ಬಂದವನೂ ಹಸಿರು ಗುಂಡಿ ಒತ್ತುತ್ತ ಆರಾಮವಾಗಿದ್ದ. ಪ್ರಿಂಟರಿಗೆ ಯಾರು ಒತ್ತಿದರೇನು.

"ಪ್ರಿಂಟರ್ ಗಡಿಯಾರ ಕೆಟ್ಟಿತ್ತು, ತಾರೀಖು ತಪ್ಪಾಗಿ ಬಿದ್ದಿದೆ, ಇದು ನಿಮ್ಮಪ್ಪ ಇದ್ದಾಗಿನ ಮಾಲು ಅಂತ ಆಸ್ಪತ್ರೆಗೆ ಬರೆದು ಕಳಿಸಮ್ಮ," ಎಂದರು ಮ್ಯಾನೇಜರ್. "ಅವರು ಹೇಗೂ ಮನೇಲಿದ್ದಾರೆ, ಅವರಿಗೇನೂ ಆಗಲ್ಲ. ನಿನ್ನ ಕೆಲಸಾನೂ ಉಳಿಯುತ್ತೆ."

ಕೆಲಸ ಹೋದರೆ ಮನೆ ಬಾಡಿಗೆಗೂ ತತ್ವಾರ. ಸಂಜೆ ಅವಳು ತೂತಿನ ಕೊಳವೆಯೊಂದನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದು, ಅಡುಗೆಮನೆಯಲ್ಲಿದ್ದ ಅಪ್ಪನಿಗೆ ಎಲ್ಲ ಹೇಳಿದಳು.

ಅಪ್ಪ ಕೊಳವೆಯನ್ನು ಬಕೆಟ್ಟಿನಲ್ಲಿ ಅದ್ದಿ ಒಂದೇ ಸಲ ಊದಿದರು. ಗುಳ್ಳೆ ಎದ್ದಿತು.

"ಇಲ್ಲಿದೆ ನೋಡು," ಎಂದು ಆ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರು. "ನಂದೇ ತಪ್ಪು ಅಂತ ಬರಿ. ನನ್ನನ್ನ ಇನ್ನು ಯಾರು ಕೇಳ್ತಾರೆ?" ಎಂದರು. ಅವಳ ಮುಖ ನೋಡಲಿಲ್ಲ. ಹೆಬ್ಬೆರಳನ್ನೂ ತೆಗೆಯಲಿಲ್ಲ. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಕಾಗದ ಬರೆದಳು. ಗಡಿಯಾರ ಸರಿಯಾಗಿಯೇ ಇತ್ತು, ಹದಿನೇಳನೇ ನಂಬರಿನವರು ಆ ದಿನ ಕೆಲಸದಲ್ಲಿರಲಿಲ್ಲ, ಆ ಸಂಖ್ಯೆ ತಾನಾಗಿ ಬೀಳುವಂತೆ ಮಾಡಿದ್ದು ನಾನು, ಕಳೆದ ನಾಲ್ಕು ತಿಂಗಳ ಪೆಟ್ಟಿಗೆಗಳನ್ನು ಬಳಸಬೇಡಿ. ಮ್ಯಾನೇಜರರ ಕೈಗೆ ಪ್ರತಿ ಸೇರುವ ಹೊತ್ತಿಗೆ ಮೂಲ ಹೋಗಿಯಾಗಿತ್ತು. ಅವರು ಎರಡು ಸಲ ಓದಿ, "ತಿಂಗಳ ಕೊನೆಗೆ ನೋಡೋಣ," ಎಂದರು. ನೋಡೋಣ ಎಂದರೆ ಏನೆಂದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅವಳು ನೇರ ಪ್ರಿಂಟರಿನ ಬಳಿ ಹೋಗಿ ಆ ಒಂದು ಸಾಲನ್ನು ಅಳಿಸಿದಳು. ಅಪ್ಪನ ಜಾಗಕ್ಕೆ ಬಂದವನು ಹಸಿರು ಗುಂಡಿ ಒತ್ತಿದ. ಲೇಬಲ್ ಬರಲಿಲ್ಲ. ಮತ್ತೆ ಒತ್ತಿದ.

"ನಂಬರ್ ಕೇಳ್ತಿದೆ. ಯಾವುದು ಹಾಕ್ಲಿ?"

"ನಿಂದು."

ಅವನ ಬೆರಳು ಕೀಲಿಯ ಮೇಲೆಯೇ ನಿಂತಿತು. ಲೇಬಲ್ ಹಚ್ಚಬೇಕಿದ್ದ ಪೆಟ್ಟಿಗೆಯನ್ನು ನೋಡಿದ, ಪಕ್ಕದ ತೊಟ್ಟಿಯನ್ನು ನೋಡಿದ. ನಾಲ್ಕು ತಿಂಗಳಿಂದ ಒಣಗಿದ್ದ ಅದರೊಳಗೆ ಎಲ್ಲರ ಊಟದ ಡಬ್ಬಿಗಳಿದ್ದವು. ಅವನು ಅವನ್ನು ಒಂದೊಂದಾಗಿ ಎತ್ತಿ ಕೆಳಗಿಟ್ಟು, ಬಕೆಟ್ ಹಿಡಿದು ನೀರು ತರಲು ಹೋದ.