ಸುಣ್ಣದ ಗೆರೆ

ಎಡ ಬೂಟಿನ ಲೇಸು ಬಿಚ್ಚಿಕೊಂಡಿದೆ, ಇಲ್ಲಿಂದಲೇ ಕಾಣುತ್ತದೆ, ಗಾಡಿಯ ಗಾಜಿನ ಮೇಲೆ ಒದ್ದೆ ಬಟ್ಟೆ ಬಿಟ್ಟ ಗೀರುಗಳ ನಡುವೆ, ರಸ್ತೆಯ ಆ ತುದಿಯಲ್ಲಿ, ಬಿಳಿ ಅಂಗಿ, ನೀಲಿ ಪ್ಯಾಂಟು, ಬೆನ್ನಿಗೆ ಚೀಲ, ನಿಂತಿದ್ದಾನೆ ಬಡ್ಡೀಮಗ, ಇನ್ನೇನು ಓಡಿ ದಾಟಿಬಿಡುವವನ ಹಾಗೆ — ಓಡುವುದಿಲ್ಲ, ಗೊಂಬೆ, ಒಳಗಿರುವುದು ಸ್ಪಂಜು, ಹಳೆ ಟ್ಯೂಬಿನ ತುಂಡು, ನೆನೆಸಿದ ಮರದ ಹೊಟ್ಟು, ಹೊಲಿದವಳು ನನ್ನ ಹೆಂಡತಿ, ಮುಖ ಬರೆದವಳು ನನ್ನ ಮಗಳು, ಆಗ ಒಂದನೇ ಕ್ಲಾಸು, ಒಂದು ಕಣ್ಣು ದೊಡ್ಡದು ಒಂದು ಚಿಕ್ಕದು, ಇವನು ನನ್ನ ತಮ್ಮ ಅಂದಿದ್ದಳು, ಮನೆಯಲ್ಲಿ ಅದಕ್ಕೆ ಅದೇ ಹೆಸರಾಯಿತು, ತಮ್ಮನ್ನ ಒಳಗೆ ತನ್ನಿ ಮಳೆ ಬರೋ ಹಾಗಿದೆ, ತಮ್ಮನ ಕತ್ತು ಕಿತ್ತಿದೆ ಸೂಜಿ ಎಲ್ಲಿಟ್ಟೆ. ಹೋದ ಕಡೆಯ ಶಾಲೆಯವರೇ ಒಂದು ಜೊತೆ ಸಮವಸ್ತ್ರ ಕೊಡುತ್ತಾರೆ, ಇವತ್ತು ಬೇಕಾಗಲಿಲ್ಲ, ಇವತ್ತಿನದು ಮಗಳ ಶಾಲೆ, ಅಂಗಿ ಅವಳಿಗೆ ಗಿಡ್ಡವಾದದ್ದು, ಬೂಟೂ ಅವಳದೇ, ಹೋದ ವರ್ಷದ್ದು. ಮೈಕಿನವನು ಶುರು ಮಾಡಿದ, ಶಾಲೆಯ ಮುಂದಿನ ರಸ್ತೆಯಲ್ಲಿ ವೇಗ ಮೂವತ್ತಕ್ಕೆ ಇಳಿಸೋ ವಿಚಾರ ಪೋಷಕರೇ, ಬಾಯಿ ಮಾತಲ್ಲಿ ಹೇಳಲ್ಲ, ಕಣ್ಣಿಗೆ ತೋರಿಸ್ತೀವಿ, ಆ ಬಿಳಿ ಗೆರೆ ಇದೆಯಲ್ಲ, ಮಗು ಕಂಡ ಡ್ರೈವರು ಬ್ರೇಕು ತುಳಿಯೋ ಜಾಗ ಅದು, ಅದೇ ಗಾಡಿ, ಅದೇ ಡ್ರೈವರು, ಅದೇ ಗೆರೆ, ಬದಲಾಗೋದು ವೇಗ ಒಂದೇ — ಗೆರೆ ಎಳೆದವನು ನಾನು, ಬೆಳಿಗ್ಗೆ, ಡಬ್ಬಿಯಿಂದ ಸುಣ್ಣದ ಪುಡಿ ಸುರಿದು, ರಸ್ತೆಯ ಈ ಅಂಚಿಂದ ಆ ಅಂಚಿಗೆ, ಉಗುರಿನ ಸಂದಿಯಲ್ಲಿ ಇನ್ನೂ ಬೆಳ್ಳಗಿದೆ. ಗೆರೆಗಿಂತ ಮೊದಲು ತುಳಿದರೆ ಐವತ್ತರಲ್ಲೂ ಗಾಡಿ ನಿಂತುಬಿಡಬಹುದು, ಆಗ ಪಾಠ ಕೆಡುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಹಾಗೇ ಕೆಡಿಸುತ್ತಿದ್ದೆ, ಮಗುವಿನ ಆಕಾರ ಕಂಡರೆ ಸಾಕು ಕಾಲು ತಾನಾಗಿ ಹೋಗುತ್ತಿತ್ತು, ಒಮ್ಮೆ ಮೈಕಿನವನು ಗಾಡಿಯ ಬಾಗಿಲು ಗುದ್ದಿದ, ಏನಯ್ಯಾ, ಕರುಣೆ ತೋರಿಸೋಕೆ ಸಂಬಳ ಕೊಡ್ತಾರಾ ನಿಂಗೆ, ಗೆರೆ ಬರೋ ತನಕ ಕಾಲು ಎತ್ತಿ ಹಿಡ್ಕೋ. ಹಿಡಿದುಕೊಂಡೆ. ಕಲಿತೆ. ಈಗ ಮುಂದಿನ ಚಕ್ರ ಗೆರೆ ಮುಟ್ಟುವುದಕ್ಕೂ ಪಾದ ಬೀಳುವುದಕ್ಕೂ ನಡುವೆ ಕೂದಲು ತೂರುವುದಿಲ್ಲ.

ಎಲ್ಲಿದ್ದಾಳೆ ನನ್ನ ಮಗಳು, ಹಗ್ಗದ ಎಡಕ್ಕೆ ಒಂದನೇ ಎರಡನೇ ಕ್ಲಾಸು, ಕೆಳಗೆ ಕೂರಿಸಿದ್ದಾರೆ, ಬಲಕ್ಕೆ ಅಪ್ಪಂದಿರು ಅಮ್ಮಂದಿರು, ದೊಡ್ಡ ಮಕ್ಕಳು ಗೇಟಿನ ಮೆಟ್ಟಿಲ ಮೇಲೆ, ಅವಳ ಆರನೇ ಕ್ಲಾಸು ಅಲ್ಲೇ ಇರಬೇಕು, ಎಲ್ಲ ತಲೆಯೂ ಒಂದೇ ಥರ, ಎಲ್ಲ ಅಂಗಿಯೂ ಬಿಳಿ. ಸೋಮವಾರದಿಂದ ನನ್ನ ಗಾಡಿ ಹತ್ತಿಲ್ಲ, ನಡೆದೇ ಶಾಲೆಗೆ ಹೋಗುತ್ತಾಳೆ, ಅವಳಮ್ಮ ಕೇಳಿದರೆ ಕಾಲಿಗೆ ವ್ಯಾಯಾಮ ಅನ್ನುತ್ತಾಳೆ, ನನ್ನ ಮರ್ಯಾದೆ ಉಳಿಸುತ್ತಿದ್ದಾಳೆ ಕಳ್ಳಿ. ರಜಾ ದಿನದ ಪ್ರದರ್ಶನಕ್ಕೆಲ್ಲ ಮೊದಲು ಜೊತೆಗೆ ಬರುತ್ತಿದ್ದಳು, ಮೂವತ್ತು ಮುಗಿದು ಐವತ್ತು ಮುಗಿದು ಜನ ಎದ್ದ ಮೇಲೆ ಅವಳ ಕೆಲಸ ಒಂದೇ, ಹಾರಿಬಿದ್ದ ಬೂಟು ಹುಡುಕಿ ತಂದು ತಮ್ಮನ ಕಾಲಿಗೆ ಹಾಕಿ ಲೇಸು ಕಟ್ಟುವುದು, ಬರಿಗಾಲಲ್ಲಿ ಮನೆಗೆ ಕರ್ಕೊಂಡು ಹೋಗೋಕಾಗುತ್ತಾ ಅಪ್ಪಾ, ನೋಡಿದವರು ಏನಂದ್ಕೋತಾರೆ. ಸೀಟಿ. ಮೂವತ್ತು. ಕ್ಲಚ್ಚು, ಗೇರು, ಮುಳ್ಳು ಏರುತ್ತದೆ, ಇಪ್ಪತ್ತು, ಮೂವತ್ತು, ಮೂವತ್ತಕ್ಕೆ ನಿಂತಿದೆ ಮುಳ್ಳು, ಇವತ್ತು ಒಂದು ಪರೀಕ್ಷೆ ಮಾಡುತ್ತೇನೆ, ಯಾರಿಗೂ ಹೇಳಿಲ್ಲ, ಗೆರೆಗಿಂತ ಮೊದಲು ತುಳಿಯುತ್ತೇನೆ, ಮೂವತ್ತರಲ್ಲಿ ಯಾರಿಗೂ ಗೊತ್ತಾಗುವುದಿಲ್ಲ, ಗಾಡಿ ನಾಲ್ಕು ಹೆಜ್ಜೆ ಹಿಂದೆ ನಿಂತರೆ ಯಾರಪ್ಪನ ಗಂಟು ಹೋಗುತ್ತದೆ, ಈಗ ತುಳಿ, ತುಳಿ ಅಂದೆ, ಪಾದ ಪೆಡಲಿನ ಮೇಲೆ ಬಂದು ನಿಂತಿದೆ, ನಿಂತೇ ಇದೆ, ಬೆಕ್ಕು ಬಿಲದ ಬಾಯಲ್ಲಿ ಕೂತ ಹಾಗೆ, ಈಗ, ಈಗ — ಗೆರೆ. ಬಿತ್ತು. ಗಾಡಿ ಮೂಗು ತಗ್ಗಿಸಿ ನಿಂತಿತು, ಬಂಪರಿಗೂ ತಮ್ಮನ ಮೊಣಕಾಲಿಗೂ ನಡುವೆ ಒಂದು ಗೇಣು. ಚಪ್ಪಾಳೆ, ಪೇಲವ ಚಪ್ಪಾಳೆ, ಮಕ್ಕಳಿಗೆ ಬೇಜಾರು, ಏನೂ ಆಗಲೇ ಇಲ್ಲವಲ್ಲ. ನಾನು ಹೇಳಿದ್ದೆ, ಕಾಲು ಕೇಳಲಿಲ್ಲ. ಸೋಮವಾರವೂ ಹೀಗೇ, ಟೈರಿನ ಅಂಗಡಿಯ ಮುಂದೆ, ನಿಂತಿದ್ದ ಎರಡು ವ್ಯಾನುಗಳ ಸಂದಿಯಿಂದ ಮೊದಲು ಚೆಂಡು, ಆಮೇಲೆ ಹುಡುಗ, ಕೆಂಪು ಚಡ್ಡಿ, ಮೊಣಕೈಯಲ್ಲಿ ಒಣಗಿದ ಗಾಯ, ಅದೂ ಕಂಡಿತು ನನಗೆ, ಅಷ್ಟು ಚೆನ್ನಾಗಿ ಕಂಡಿತು, ಬಾಯಿ ತೆರೆದಿದ್ದಾನೆ, ಮೇಲಿನ ಹಲ್ಲೊಂದಿಲ್ಲ, ನನ್ನ ಪಾದ ಪೆಡಲಿನ ಮೇಲೆ ಬಂದಿದೆ, ಗಾಳಿಯಲ್ಲಿ ನಿಂತಿದೆ, ಕಾಯುತ್ತಿದೆ, ಏನನ್ನು ಕಾಯುತ್ತಿದೆ ಅಂತ ನನಗೆ ಗೊತ್ತಾಗುವಷ್ಟರಲ್ಲಿ ಹುಡುಗನೇ ಹಿಂದಕ್ಕೆ ಬಿದ್ದ, ಪಕ್ಕದ ಕನ್ನಡಿ ಅವನ ತಲೆಯ ಮೇಲಿನ ಗಾಳಿ ಸೀಳಿಕೊಂಡು ಹೋಗಿ ವ್ಯಾನಿಗೆ ಬಡಿದು ಚೂರಾಯಿತು. ಆ ರಸ್ತೆಯಲ್ಲಿ ಗೆರೆ ಇರಲಿಲ್ಲ. ಪಕ್ಕದ ಸೀಟಿನಲ್ಲಿದ್ದ ಮಗಳು ಮನೆ ಮುಂದೆ ಇಳಿಯುವಾಗ ಅಂದಳು, ಅಪ್ಪಾ, ನೀನು ಬ್ರೇಕು ಹಾಕಲೇ ಇಲ್ಲ. ಹಾಕಿದ್ನಲ್ಲೇ. ಇಲ್ಲ, ನಾನು ನಿನ್ನ ಕಾಲನ್ನೇ ನೋಡ್ತಿದ್ದೆ, ನೀನು ಕಾಯ್ತಾ ಇದ್ದೆ. ಕೈ ಹೋಯಿತು. ಛಟ್ ಅಂತ ಕೆನ್ನೆಗೆ, ಐದು ಬೆರಳೂ ಮೂಡಿದವು. ಕೈಗೆ ಯಾವ ಗೆರೆಯೂ ಬೇಕಿರಲಿಲ್ಲ.

ಹಿಂದಕ್ಕೆ ತಗೋ, ತಗೋ, ಸಾಕು. ಈಗ ಐವತ್ತು. ಈಗ ಮಕ್ಕಳು ಮೊಣಕಾಲ ಮೇಲೆ ಏಳುತ್ತಾರೆ, ಮೇಡಂ ಕೂತ್ಕೊಳ್ರೋ ಅನ್ನುತ್ತಾ ತಾನೇ ಎದ್ದು ನೋಡುತ್ತಾಳೆ, ಎಲ್ಲ ಶಾಲೆಯಲ್ಲೂ ಇದೇ, ಒಮ್ಮೆ ತಮ್ಮನ ತಲೆ ಕಿತ್ತುಕೊಂಡು ಉರುಳಿ ಹೆಡ್ಮಾಸ್ತರ ಬೂಟಿಗೆ ಹೋಗಿ ನಿಂತಿತ್ತು, ಮಕ್ಕಳು ಬಿದ್ದು ಬಿದ್ದು ನಕ್ಕವು, ಒಂದೇ ಒಂದು ಹುಡುಗಿ ಉಚ್ಚೆ ಹೊಯ್ದುಕೊಂಡಳು, ಮೈಕಿನವನು ಅಂದ, ಹೆದರಿಕೆ ಒಳ್ಳೇದೇ ಪುಟ್ಟಿ. ಸುಳ್ಳು ಯಾಕೆ, ನನಗೂ ಐವತ್ತೇ ಇಷ್ಟ, ಇಡೀ ದಿನದಲ್ಲಿ ಆ ಒಂದು ಕ್ಷಣ, ಸ್ಟಿಯರಿಂಗಿನಿಂದ ಮೊಣಕೈಗೆ ಏರುವ ಆ ಹೊಡೆತ, ಮಾಳಿಗೆಯಿಂದ ಒದ್ದೆ ಹಾಸಿಗೆ ಬಿಸಾಕಿದ ಸದ್ದು, ಅದರಲ್ಲಿ ಎಲ್ಲ ಹೋಗುತ್ತದೆ, ಬಾಡಿಗೆ ಮನೆಯವನು, ಮೈಕಿನವನು, ಹೆಂಡತಿಯ ಕುಹಕ, ಹೇಳೋದು ಆಚಾರ ತಿನ್ನೋದು ಬದನೇಕಾಯಿ, ಊರಿಗೆಲ್ಲ ಮೂವತ್ತು ನಿಮಗೆ ಮಾತ್ರ ಎಂಬತ್ತಾ. ಸೀಟಿ. ಮೂವತ್ತು, ನಲವತ್ತು, ಎಂಜಿನ್ನು ಕಿರುಚುತ್ತದೆ, ಐವತ್ತು, ದೊಡ್ಡ ಕಣ್ಣು ನನ್ನನ್ನೇ ನೋಡುತ್ತಿದೆ, ಗೆರೆ, ತುಳಿದೆ, ಟೈರು ಉಜ್ಜಿತು, ಧಬ್ — ಮೊಣಕಾಲು ಮಡಚಿ ಬಾನೆಟ್ಟಿನ ಮೇಲೆ ಮಲಗಿ ಎದ್ದು, ಗಾಜಿಗೆ ಕೆನ್ನೆ ಕೊಟ್ಟು, ಮೇಲೆ ಹಾರಿ ಆಚೆ ಬಿದ್ದ, ಚೀಲದ ಬಾಯಿ ಹರಿದು ಪುಸ್ತಕ ಚೆಲ್ಲಿದವು, ಎಡ ಬೂಟು ಮಾತ್ರ ಗಾಳಿಯಲ್ಲಿ ತಿರುಗಿ ತಿರುಗಿ ರಸ್ತೆಯ ಮಧ್ಯೆ ಬಿತ್ತು. ಹೋ ಅಂತ ಕೂಗು, ಶಿಳ್ಳೆ, ಇನ್ನೊಂದ್ಸಲ ಇನ್ನೊಂದ್ಸಲ. ಗಾಜಿನ ಮೇಲೆ ಮಾರ್ಕರಿನ ಕಪ್ಪು ಬಳಿದಿದೆ, ಅವನ ಹುಬ್ಬು. ಅಪ್ಪಂದಿರ ಗುಂಪಿನಿಂದ ಒಬ್ಬ ಮುಂದೆ ಬಂದ, ಅಂಗಿಯ ಕತ್ತಿಗೆ ಕಪ್ಪು ಕನ್ನಡಕ ಸಿಕ್ಕಿಸಿಕೊಂಡವನು, ಬೆಳಿಗ್ಗೆ ಗೇಟಿನ ಮುಂದೆ ಹಾರನ್ನು ಒತ್ತಿ ಒತ್ತಿ ನನ್ನ ಸುಣ್ಣದ ಡಬ್ಬಿ ಬೀಳಿಸಿದವನೇ, ಮೈಕಿನವನಿಗೆ ಹೇಳುತ್ತಿದ್ದಾನೆ, ಸ್ವಾಮೀ, ಇದು ನಾಟಕ, ಹೊಟ್ಟಿನ ಮೂಟೆ ಹಾರದೆ ಇನ್ನೇನು ಮಾಡುತ್ತೆ, ಟೈರು ನೋಡ್ರೀ ಬೋಳು ತಲೆ ಥರ ಇದೆ, ನನ್ನ ಗಾಡಿ ಆಗಿದ್ರೆ ಐವತ್ತಲ್ಲೂ ನಿಲ್ತಿತ್ತು, ನಿಮ್ಮ ಡ್ರೈವರು ಬೇಕಂತ ತಡವಾಗಿ ತುಳೀತಾನೆ. ಮೈಕಿನವನ ಮುಖ ಕೆಂಪಾಯಿತು, ಮೈಕಿನಲ್ಲಿ ಏನೋ ಅಂದ, ಮೈಕು ಗೊರ್ ಅಂದು ಸತ್ತಿತು, ಬ್ಯಾಟರಿ ಯಾವತ್ತೂ ಹೀಗೇ, ಅದರ ಬೆನ್ನಿಗೆರಡು ಗುದ್ದಿದ, ಬದುಕಲಿಲ್ಲ, ನನ್ನ ಕಿಟಕಿಗೆ ಬಂದು ಬಗ್ಗಿದ, ಇನ್ನೊಂದ್ಸಲ ಹೊಡಿ, ಆ ಕನ್ನಡಕದವನ ಕಣ್ಣೆದುರಿಗೇ ಹೊಡಿ, ಕರೆಕ್ಟಾಗಿ ಗೆರೆ ಮೇಲೇ ತುಳಿ, ಇಷ್ಟು ಆಚೆ ಈಚೆ ಆದ್ರೂ ಅವನು ನಮ್ಮ ಮಾನ ಹರಾಜು ಹಾಕ್ತಾನೆ. ಆಗಲಿ ಅಂದೆ. ಐವತ್ತಾದ ಮೇಲೆ ಮತ್ತೆ ಹೊಡೆದದ್ದಿಲ್ಲ ಯಾವತ್ತೂ, ಐವತ್ತು ಅಂದರೆ ಮುಗಿಯಿತು, ಆದರೂ ಆಗಲಿ ಅಂದೆ, ಹಲ್ಲು ಕಚ್ಚಿಕೊಂಡೇ ಅಂದೆ, ಬೇಕಂತ ತಡವಾಗಿ ತುಳಿಯುತ್ತಾನಂತೆ, ಆ ಕನ್ನಡಕ ಅವನ ಕಣ್ಣೊಳಗೇ ಒಡೆಯಬೇಕು, ಅವನನ್ನೇ ನಿಲ್ಲಿಸಬೇಕು ಅಲ್ಲಿ, ಬೆನ್ನಿಗೆ ಚೀಲ ಹಾಕಿ.

ಹಿಂದಕ್ಕೆ. ಇನ್ನೂ ಹಿಂದಕ್ಕೆ, ತಿರುವಿನ ತನಕ. ರಸ್ತೆ ತಡೆದು ನಿಲ್ಲುವ ನಮ್ಮ ಬಾವುಟದವನು ತಮ್ಮನನ್ನು ಎತ್ತಿ ನಿಲ್ಲಿಸಿ ಬೆನ್ನಿಗೆ ಕೋಲು ಕೊಟ್ಟು ಪಕ್ಕಕ್ಕೆ ಹೋದ, ಕತ್ತು ಒಂದು ಕಡೆ ವಾಲಿದೆ, ಒಂದು ಕಾಲು ಬರಿದು. ಮೈಕಿನವನು ನನ್ನ ಪಕ್ಕದಲ್ಲೇ ನಿಂತು ಸೀಟಿ ಊದಿದ, ಅವನ ಕಣ್ಣು ಕನ್ನಡಕದವನ ಮೇಲೆ. ಬಿಟ್ಟೆ. ಒಂದು, ಎರಡು, ಗೇರು ಬಿದ್ದವು ಒಂದರ ಹಿಂದೆ ಒಂದು, ಮೂವತ್ತು, ಕಾಲಲ್ಲಿ ಸಿಟ್ಟಿದೆ, ಒಳ್ಳೆ ಸಿಟ್ಟು, ನಲವತ್ತು, ಮೆಟ್ಟಿಲಿನ ಕಡೆ ಮಕ್ಕಳು ಎದ್ದು ಚೀಲ ಹಾಕಿಕೊಳ್ಳುತ್ತಿದ್ದಾರೆ, ಮುಗಿಯಿತು ಅಂದುಕೊಂಡಿದ್ದಾರೆ, ಇನ್ನೊಂದಿದೆ ಅಂತ ಯಾರೂ ಹೇಳಿಲ್ಲ ಅವರಿಗೆ, ಮೈಕು ಸತ್ತಿದೆ, ಐವತ್ತು, ತಮ್ಮ ದೊಡ್ಡದಾಗುತ್ತಿದ್ದಾನೆ, ಬಿಳಿ ಅಂಗಿ, ಇನ್ನೊಂದು ಬಿಳಿ ಅಂಗಿ, ಎರಡು ಬಿಳಿ ಅಂಗಿ — ಹಗ್ಗದ ಕೆಳಗೆ ನುಸುಳಿ ಬಂದಿದ್ದಾಳೆ, ರಸ್ತೆಯ ಮಧ್ಯೆಯಿಂದ ಬೂಟು ಎತ್ತಿಕೊಂಡಿದ್ದಾಳೆ, ತಮ್ಮನ ಮುಂದೆ ಮಂಡಿಯೂರಿ ಕೂತಿದ್ದಾಳೆ, ಬೆನ್ನು ನನ್ನ ಕಡೆಗೆ, ಜಡೆ ಪಕ್ಕಕ್ಕೆ ಜಾರಿದೆ, ಬರಿಗಾಲಲ್ಲಿ ಮನೆಗೆ ಕರ್ಕೊಂಡು ಹೋಗೋಕಾಗುತ್ತಾ ಅಪ್ಪಾ, ಸೋಮವಾರದಿಂದ ಮಾತಿಲ್ಲ ಆದರೂ ಬೂಟು ತೊಡಿಸಲು ಬಂದಿದ್ದಾಳೆ, ಐವತ್ತಾದ ಮೇಲೆ ಬೂಟು ಅವಳ ಕೆಲಸ, ಐವತ್ತಾಯಿತಲ್ಲ, ಗೆರೆ ಇನ್ನೂ ದೂರ ಇದೆ, ಈಗ ತುಳಿದರೆ ನಿಲ್ಲುತ್ತದೆ, ಬೋಳು ಟೈರಿನಲ್ಲೂ ನಿಲ್ಲುತ್ತದೆ, ಎಷ್ಟು ಸಲ ಪಾಠ ಕೆಡಿಸಿದ್ದೇನೆ ಹೀಗೆ, ತುಳಿ. ಹಾರನ್ನು ಒತ್ತಿದೆ, ಕೈ ಒತ್ತಿತು, ಕೈ ಯಾವತ್ತೂ ಮುಂದು, ಹಾರನ್ನಿಗೆ ಒಂದನೇ ಕ್ಲಾಸಿನವು ಹೋ ಅಂದವು, ಚಪ್ಪಾಳೆ ಹೊಡೆಯುತ್ತಿವೆ, ತಿರುಗಿಸಲಾ, ಎಲ್ಲಿಗೆ, ಎಡಕ್ಕೆ ಅವೇ ಕೂತಿವೆ ಸಾಲಾಗಿ ಕಾಲು ಚಾಚಿ, ಬಲಕ್ಕೆ ತಾಯಂದಿರು, ತುಳಿಯೋ, ನನ್ನ ಕಾಲೇ, ನನ್ನಪ್ಪಾ, ತುಳಿಯೋ. ಅವಳು ತಲೆ ತಿರುಗಿಸುತ್ತಾಳೆ, ಓಡುವುದಿಲ್ಲ, ಯಾಕೆ ಓಡುತ್ತಾಳೆ, ಬರುತ್ತಿರುವುದು ಅಪ್ಪನ ಗಾಡಿ, ಲೇಸಿನ ಒಂದು ತುದಿ ಇನ್ನೂ ಬೆರಳಲ್ಲಿದೆ, ಕೆನ್ನೆಯ ಮೇಲೆ ಏನೂ ಉಳಿದಿಲ್ಲ, ನನ್ನ ಮುಖ ನೋಡುತ್ತಾಳೆ, ಇಲ್ಲ, ಮುಖ ಅಲ್ಲ, ಕೆಳಗೆ ನೋಡುತ್ತಾಳೆ, ಎಂಜಿನ್ನಿನ ಹಿಂದೆ ಬಾನೆಟ್ಟಿನ ಹಿಂದೆ ನನ್ನ ಕಾಲು ಇರುವ ಕಡೆಗೇ ನೋಡುತ್ತಾಳೆ, ಪಾದ ಬಂದಿದೆ ಮಗಾ, ಪೆಡಲಿನ ಮೇಲೇ ಇದೆ, ನೋಡು, ಗಾಳಿಯಲ್ಲಿದೆ, ಕಲಿತ ಕಾಲು, ಕೂದಲೂ ತೂರದ ಕಾಲು, ಬಿಳಿ ಗೆರೆ, ಬರುತ್ತಿದೆ, ಇನ್ನೂ ಬಂದಿಲ್ಲ, ಬೆಳಿಗ್ಗೆ ನಾನೇ ಸುರಿದದ್ದು, ಈ ಅಂಚಿಂದ ಆ ಅಂಚಿಗೆ, ಬಿಳಿ ಗೆರೆ, ಇನ್ನೂ ಇಲ್ಲ, ಬಿಳಿ ಗೆರೆ, ಇನ್ನೂ — ಗೆರೆ.