ಬಾವಿರಾಯರ ಗೋಡೆ

ನೆಲಮಾಳಿಗೆಯ ಮೆಟ್ಟಿಲ ಮೇಲೆ ಆಕೆ ಬೆಂಚಿನ ಒಂದು ತುದಿ ಹಿಡಿದಿದ್ದಳು, ಇನ್ನೊಂದು ತುದಿ ನಾದಿನಿಯ ಕೈಯಲ್ಲಿತ್ತು. ಮೇಲೆ ಹಜಾರದಲ್ಲಿ ಆಕೆಯ ಗಂಡ ಬಿಳಿ ಹೊದಿಕೆಯಡಿ ಮಲಗಿದ್ದರು. ಕೊನೆಯ ಸಲ ನೋಡಲು ಬಂದವರಿಗೆ ಕೂರಲು ಜಾಗ ಸಾಲದೆ ಅರ್ಧ ಜನ ನಿಂತೇ ಇದ್ದರು.

“ಸ್ವಲ್ಪ ಇಳಿಸಿ ಅತ್ತಿಗೆ, ಕೈ ಸೋತುಹೋಯ್ತು,” ಎಂದು ನಾದಿನಿ ಸುತ್ತ ಕಣ್ಣಾಡಿಸಿದಳು. “ಅಲ್ಲ, ಇಲ್ಲಿ ಯಾವಾಗಲೂ ಕಾಲಿಟ್ಟರೆ ಪಚಪಚ ಅಂತಿತ್ತು. ಈ ಮಳೇಲೂ ಇಷ್ಟು ಒಣಗಿದೆಯಲ್ಲ?”

“ನಿನ್ನಣ್ಣ ಆಸ್ಪತ್ರೆ ಸೇರಿದ ವಾರವೇ ಮೇಸ್ತ್ರೀನ ಕರೆಸಿ ಗಾರೆ ಮಾಡಿಸಿದೆ.” ಆಕೆ ಬೂದುಬಣ್ಣದ ಹೊಸ ಗೋಡೆಯ ಮೇಲೆ ಅಂಗೈ ಒತ್ತಿದಳು. “ಎರಡು ದಿನದ ಕೆಲಸ ಕಣೇ. ಅಷ್ಟಕ್ಕೆ ಹತ್ತು ವರ್ಷ ನನ್ನನ್ನ ಸತಾಯಿಸಿದರು.”

ಸತಾಯಿಸಿದ್ದು ಸುಳ್ಳಲ್ಲ. ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಿದ್ದ ಮನುಷ್ಯ, ತುಕ್ಕು ಕಂಡರೆ ಹಾವು ಕಂಡಂತೆ ಆಡುತ್ತಿದ್ದವರು, ತಾವು ಕೂತು ಕೆಲಸ ಮಾಡುವ ಕೋಣೆಯ ಗೋಡೆ ಸೋರುತ್ತಿದ್ದರೂ ಕೇಳಿದವರಿಗೆಲ್ಲ “ನೋಡೋಣ, ನೋಡೋಣ” ಎನ್ನುತ್ತಿದ್ದರು. ಮಳೆಗಾಲ ಬಂತೆಂದರೆ ಬೆಳಗಾಗೆದ್ದು ಮೂಲೆಯ ಗುಂಡಿಯಿಂದ ನೀರು ಮೊಗೆಯುವುದು, ಬಕೆಟ್ಟಿನಲ್ಲಿ ಹೊತ್ತು ಹಜಾರ ದಾಟಿ ಬೀದಿಯ ಚರಂಡಿಗೆ ಸುರಿಯುವುದು. ಮನೆಯೊಳಗೇ ಬಾವಿ ಇಟ್ಟುಕೊಂಡ ಪುಣ್ಯಾತ್ಮ ಎಂದು ಬೀದಿಯವರು ಬಾವಿರಾಯರು ಅಂತ ಹೆಸರಿಟ್ಟರು. ಅವರು ಅದಕ್ಕೂ ನಕ್ಕರು. ಆಕೆಗೆ ಮಾತ್ರ ನಗು ಬರುತ್ತಿರಲಿಲ್ಲ. ಪೆಟ್ಟಿಗೆಯಲ್ಲಿಟ್ಟಿದ್ದ ಮದುವೆಯ ಬಟ್ಟೆಗೆ ಬೂಷ್ಟು ಹಿಡಿದು ಮಣ್ಣುಪಾಲಾಯಿತು. ಆಮೇಲೆ ಅವರ ಎದೆ ಹಿಡಿಯಿತು. ತೇವದಲ್ಲಿ ಇರಬೇಡಿ ಎಂದು ಡಾಕ್ಟರು ಹೇಳಿದ್ದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟರು.

*

ಆಸ್ಪತ್ರೆಯಲ್ಲಿ ಆಕೆ ಗೋಡೆಯ ಸುದ್ದಿಯನ್ನು ಉಡುಗೊರೆಯ ಹಾಗೆ ಒಯ್ದಿದ್ದಳು.

“ಮುಚ್ಚಿಸಿಬಿಟ್ಟೆ. ಒಂದು ಹನಿ ಬರಲ್ಲ ಇನ್ನು. ನೀವು ಬಂದು ಆರಾಮಾಗಿ ಕೂತ್ಕೊಳ್ಳಿ.”

ಅವರು ಏಳಲು ಹೋದರು. ಕುತ್ತಿಗೆಯ ನರ ಉಬ್ಬಿತು. “ಒಡೆಸು,” ಎಂದರು. “ಮಳೆ ಹಿಡಿಯೋದ್ರೊಳಗೆ ಒಡೆಸಿಬಿಡು. ಅದು...” ಕೆಮ್ಮು ಮಾತನ್ನು ನುಂಗಿತು.

ಆಕೆಗೆ ಮೈಯೆಲ್ಲ ಉರಿಯಿತು. “ಆ ನೀರೇ ನಿಮ್ಮ ಎದೆಗೆ ಇಳಿದಿರೋದು. ಸಾಯೋತನಕ ಅದರ ಜೊತೇಲೇ ಸಂಸಾರ ಮಾಡ್ತೀರಾ?”

ನರ್ಸು ಓಡಿಬಂದು ಅವರ ಮುಖಕ್ಕೆ ಮಾಸ್ಕ್ ಹಾಕಿದಳು. ಅದರೊಳಗೆ ಅವರ ತುಟಿ ಇನ್ನೂ ಅಲ್ಲಾಡುತ್ತಿತ್ತು. ಮತ್ತೆ ಅವರಿಗೆ ಮಾತು ಬರಲಿಲ್ಲ. ಮನೆಗೆ ಬರುವ ದಾರಿಯಲ್ಲೇ ಆಕೆಯನ್ನು ಚುಚ್ಚಲು ಶುರುವಾದ ಆ ‘ಸಾಯೋತನಕ’ ಎಂಬ ಮಾತು ಈಗಲೂ ಬಿಟ್ಟಿರಲಿಲ್ಲ.

*

ಬೆಂಚು ಹಾಕಿ ಜನರನ್ನು ಕೂರಿಸುವಷ್ಟರಲ್ಲಿ ಹೊರಬಾಗಿಲಲ್ಲಿ ಇಸ್ತ್ರಿಯವಳು ನಿಂತಿದ್ದಳು. ಗೋಡೆಗೆ ಗೋಡೆ ಅಂಟಿದ ಪಕ್ಕದ ಮನೆಯ ನೆಲಮಾಳಿಗೆಯಲ್ಲಿ ಬಾಡಿಗೆಗಿದ್ದು, ಬೀದಿಯವರ ಬಟ್ಟೆ ಇಸ್ತ್ರಿ ಮಾಡಿ ಎರಡು ಮಕ್ಕಳನ್ನು ಸಾಕುವವಳು. ಅವಳ ಬಟ್ಟೆ ಮೊಣಕಾಲಿನವರೆಗೆ ನೆನೆದಿತ್ತು.

“ಒಳಗೆ ಬಾ, ಅಲ್ಲೇ ಯಾಕೆ ನಿಂತೆ?” ಎಂದಳು ಆಕೆ.

“ಕಾಲೆಲ್ಲ ಕೆಸರಮ್ಮ. ಇಲ್ಲಿಂದಲೇ ನೋಡ್ಕೊಂಡು ಹೋಗ್ತೀನಿ. ಬೇಗ ಬರೋಣ ಅಂದ್ರೆ ಮನೇಲಿ ನೀರು. ಮಕ್ಕಳನ್ನ ಇಸ್ತ್ರಿ ಮೇಜಿನ ಮೇಲೆ ಕೂರಿಸಿ ಬಂದೆ.”

“ನಿಮ್ಮಲ್ಲಿ ಯಾವತ್ತೂ ಬರ್ತಿರಲಿಲ್ಲವಲ್ಲ?”

ಇಸ್ತ್ರಿಯವಳು ಅಪ್ಪಣೆ ಕೇಳುವವಳ ಹಾಗೆ ಹಜಾರದಲ್ಲಿ ಮಲಗಿದ್ದ ರಾಯರ ಕಡೆ ನೋಡಿದಳು.

“ಬರ್ತಿತ್ತಮ್ಮ. ನಾವು ಬಂದ ಮೊದಲ ಮಳೇಲಿ ಹಾಸಿಗೆ ತೇಲಿಹೋಯ್ತು. ದೊಡ್ಡವನು ಆಗಿನ್ನೂ ಕೈಗೂಸು. ಮನೆ ಮಾಲೀಕರು ಕಿವೀಗೇ ಹಾಕ್ಕೊಳ್ಳಲಿಲ್ಲ. ರಾಯರು ಬಂದು ನೋಡಿ, ನಿಮ್ಮ ಕಡೆ ಗೋಡೆ ಬುಡದಲ್ಲಿ ಸಾಲಾಗಿ ತೂತು ಕೊರೆದರು. ನೀರೆಲ್ಲ ನಿಮ್ಮ ಕಡೆಗೆ ಎಳೀತು. ಅವತ್ತಿಂದ ನಮ್ಮ ನೆಲ ಒಣಗಿತ್ತು.”

“ನನಗೆ ಒಂದು ಮಾತು ಹೇಳಲಿಲ್ಲ.”

“ನಾನೇ ಹೇಳ್ತೀನಿ ಅಂದೆ. ‘ಬೇಡ ತಾಯಿ, ಹೇಳಿದ್ರೆ ನಾಳೇನೇ ಗಾರೆ ಮೆತ್ತಿಸಿಬಿಡ್ತಾಳೆ’ ಅಂತ ನಕ್ಕರು.”

ಅವರ ದನಿಯೇ ಕೇಳಿದಂತಾಗಿ ಆಕೆಯ ತುಟಿಯಂಚಿಗೆ ನಗು ಬಂತು, ಬಂದದ್ದು ಅಳುವಾಯಿತು. ಎಂಥ ಗಂಡಸಪ್ಪಾ ಇವನು, ಹೇಳಿದ್ದರೆ ನಾನೇನು ಬೇಡ ಅನ್ನುತ್ತಿದ್ದೆನೆ? ಅನ್ನುತ್ತಿದ್ದಳು. ಖಂಡಿತ ಅನ್ನುತ್ತಿದ್ದಳು, ರಂಪ ಮಾಡಿ ಮುಚ್ಚಿಸುತ್ತಿದ್ದಳು. ಅದು ಅವರಿಗೆ ಗೊತ್ತಿತ್ತು, ಅದೇ ಆಕೆಗೆ ಸಂಕಟವಾದದ್ದು.

ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ಮಗ ಬಂದು ಭುಜ ಮುಟ್ಟಿದ. “ಅಮ್ಮ, ಗಾಡಿ ಬಂತು. ಗೋಡೆ ವಿಷಯ ನಾಳೆ ನೋಡೋಣ, ಮೇಸ್ತ್ರೀನ ನಾನೇ ಕರ್ಕೊಂಡು ಬರ್ತೀನಿ.”

“ನಾಳೆ ಅಂದ್ರೆ ಇವರು ಇರಲ್ಲ. ಬಾಯಿಬಿಟ್ಟು ಕೇಳಿದ್ದು ಅದೊಂದೇ, ನಾನು ಬೈದೆ. ಇವರು ಹೊಸ್ತಿಲು ದಾಟೋದ್ರೊಳಗೆ ಆಗಬೇಕು.”

“ಜನ ಏನಂದ್ಕೋತಾರೆ?”

“ಏನಾದ್ರೂ ಅಂದ್ಕೊಳ್ಳಲಿ.”

ಆಕೆ ದಡದಡ ಕೆಳಗಿಳಿದು, ಗಂಡನ ಮೇಜಿನಿಂದ ಸುತ್ತಿಗೆ, ಉಳಿ ತೆಗೆದುಕೊಂಡು ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತಳು. ಮೊದಲ ಪೆಟ್ಟು ಜಾರಿ ಹೆಬ್ಬೆರಳಿಗೆ ಬಿತ್ತು. ಎರಡನೆಯದಕ್ಕೆ ಗಾರೆ ಬಿರಿಯಿತು. ಹಿಂದೆಯೇ ಇಳಿದು ಬಂದ ಮಗ ಸುತ್ತಿಗೆಗೆ ಕೈಚಾಚಿದ. ಇಬ್ಬರೂ ಸರದಿಯ ಮೇಲೆ ಹೊಡೆದರು. ಚಕ್ಕೆ ಎದ್ದು ಹಳೆಯ ತೂತು ಬಾಯಿಬಿಟ್ಟಿತು, ಕೆಂಪು ನೀರು ಚಿಮ್ಮಿ ಆಕೆಯ ಮಡಿಲಿಗೆ ಬಿತ್ತು. ಒಂದರ ಹಿಂದೆ ಒಂದು ತೂತು ಬಿಡಿಸುತ್ತ ಹೋದರು.

ಗುಂಡಿ ನೋಡನೋಡುತ್ತಲೇ ತುಂಬಿತು. ಅಷ್ಟರಲ್ಲಿ ಮಕ್ಕಳ ಬಳಿಗೆ ಓಡಿದ್ದ ಇಸ್ತ್ರಿಯವಳ ದನಿ ಪಕ್ಕದ ಮನೆಯಿಂದ, ಗೋಡೆಯಾಚೆ, ಕ್ಷೀಣವಾಗಿ ಕೇಳಿಸಿತು. “ಇಳೀತಿದೆ ಅಮ್ಮ, ಇಳೀತಿದೆ.”

“ಇಲ್ಲಿ ಏರ್ತಿದೆ. ಮೊಗೀಬೇಕು,” ಎಂದ ಮಗ.

ಮೆಟ್ಟಿಲ ತುದಿಯಲ್ಲಿ ಬೆರಗಾಗಿ ನಿಂತಿದ್ದ ನಾದಿನಿ ತೋಳು ಮೇಲೇರಿಸಿಕೊಂಡಳು. “ಕೊಡಿ ಅತ್ತಿಗೆ ಇಲ್ಲಿ,” ಎಂದು ಮೊದಲ ಬಕೆಟ್ ಈಸಿಕೊಂಡು ಹಿಂದೆ ಇದ್ದವರ ಕೈಗೆ ದಾಟಿಸಿದಳು. ಅವರು ಇನ್ನೊಬ್ಬರಿಗೆ. ಬೆಂಚಿನ ಮೇಲೆ ಕೂತವರೂ ಎದ್ದರು. ಬಕೆಟ್ ಸಾಲದೆ ಅಡುಗೆಮನೆಯ ಪಾತ್ರೆ, ಕೊಡ ಎಲ್ಲ ಬಂದವು. ಗಾಡಿಯವನೂ ಇಳಿದು ಬಂದು ಬಾಗಿಲಲ್ಲಿ ನಿಂತು, ಕೈಗೆ ಬಂದ ನೀರನ್ನೆಲ್ಲ ಚರಂಡಿಗೆ ಸುರಿಯತೊಡಗಿದ.

ಬೀದಿಗೆ ಹೋಗಲು ಹಜಾರದ್ದೊಂದೇ ದಾರಿ. ತುಂಬಿದ ಪಾತ್ರೆಗಳು ಕೈಯಿಂದ ಕೈಗೆ ರಾಯರ ಮಗ್ಗುಲಲ್ಲೇ ಹಾದುಹೋದವು, ಖಾಲಿಯಾಗಿ ಅಲ್ಲಿಂದಲೇ ತಿರುಗಿ ಬಂದವು. ತುಳುಕಿದ ನೀರು ಬಿದ್ದು ಬಿದ್ದು ಪಾದದ ಮೇಲಿನ ಬಿಳಿ ಹೊದಿಕೆ ಒದ್ದೆಯಾಗಿ ಬೆರಳುಗಳಿಗೆ ಅಂಟಿಕೊಂಡಿತು. ಯಾರೂ ಅದನ್ನು ಸರಿಸಲಿಲ್ಲ.